ಸ್ಮೃತಿಲೋಪದಲ್ಲಿ ಆತ್ಮಹತ್ಯೆಯ ಶಂಕೆ: ಅದರ ಲಕ್ಷಣಗಳೂ ಪರಿಹಾರವೂ

೧. ಶಬ್ದವಿಚಾರ

ವಾರ್ಧಕದಲ್ಲಿ ಬುದ್ಧಿ ಕುಂದುವುದನ್ನು ಹೇಳಲು ನಮ್ಮ ನಾಡುನುಡಿಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಶಬ್ದವು ‘ಅರಳುಮರಳು’ ಎಂಬುದು. ‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ದ. ರಾ. ಬೇಂದ್ರೆಯವರು ತಮ್ಮ ಒಂದು ಕವನಸಂಗ್ರಹಕ್ಕೆ ಈ ಹೆಸರನ್ನೇ ಇಟ್ಟರೆಂಬುದೂ, ಅದಕ್ಕೆ ೧೯೫೮ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತೆಂಬುದೂ ವಾಚಕರಿಗೆ ವಿದಿತವೇ ಆಗಿದೆ. ಕವಿಯು ಆ ಶಬ್ದವನ್ನು ಹೇಗೆ ಬಳಸಿದರೆಂಬುದು ಬೇರೆ ಚರ್ಚೆ. ಗಾದೆಯಾದರೋ ಎರಡು ವಿಷಯಗಳನ್ನು ಒಟ್ಟಿಗೆ ಹೇಳಿಬಿಡುತ್ತದೆ: ಮೊದಲನೆಯದು, ಈ ಸ್ಥಿತಿಯು ವಯೋಧರ್ಮವೆಂಬುದು, ಎರಡನೆಯದು, ವಯೋಧರ್ಮವಾದುದರಿಂದ ಅದಕ್ಕೆ ಮಾಡತಕ್ಕದ್ದು ಏನೂ ಇಲ್ಲವೆಂಬುದು.

ಈ ಎರಡು ಮಾತುಗಳೂ ನಿಲ್ಲತಕ್ಕವಲ್ಲ. ಭಾರತದ ವೃದ್ಧರನ್ನು ಪರೀಕ್ಷಿಸಿ ಮಾಡಿದ ಒಂದು ದೊಡ್ಡ ಗಣನೆಯು ೨೦೨೩ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಅರವತ್ತು ವರ್ಷ ತುಂಬಿದವರಲ್ಲಿ ಶೇಕಡಾ ೭.೪ರಷ್ಟು ಮಂದಿಗೆ ಈ ವ್ಯಾಧಿಯಿದೆ. ದೇಶದಲ್ಲಿ ಒಟ್ಟು ಸಂಖ್ಯೆ ಸುಮಾರು ೮೮ ಲಕ್ಷ. ಸಂಖ್ಯೆಯು ದೊಡ್ಡದೇ ಸರಿ. ಆದರೆ ನೂರು ಮಂದಿ ವೃದ್ಧರಲ್ಲಿ ತೊಂಬತ್ತೆರಡಕ್ಕೆ ಮೇಲ್ಪಟ್ಟವರು ಇದಕ್ಕೆ ಒಳಗಾಗಿಲ್ಲವೆಂಬುದೂ ಅದರಿಂದಲೇ ಸಿದ್ಧವಾಗುತ್ತದೆ. ಎಲ್ಲರಿಗೂ ಬರುವ ಮುಪ್ಪು ಬೇರೆ, ಕೆಲವರಿಗೆ ಬರುವ ಈ ರೋಗ ಬೇರೆ. ವೈದ್ಯರು ಇದನ್ನು ಡಿಮೆನ್ಷಿಯಾ ಎನ್ನುತ್ತಾರೆ. ಆಲ್ಜೈಮರನ ಹೆಸರಿನ ರೋಗ, ಮೆದುಳಿನ ರಕ್ತನಾಳಗಳು ಕೆಡುವುದರಿಂದ ಬರುವುದು, ಮೆದುಳಿನ ಮುಂಭಾಗವನ್ನು ಮೊದಲು ಹಿಡಿಯುವುದು ಮುಂತಾಗಿ ಅದರಲ್ಲಿ ಹಲವು ಪ್ರಭೇದಗಳುಂಟು. ಪ್ರಕೃತ ಲೇಖನದಲ್ಲಿ ಇವೆಲ್ಲಕ್ಕೂ ಸಾಮಾನ್ಯವಾಗಿ ‘ಸ್ಮೃತಿಲೋಪ’ ಎಂಬ ಶಬ್ದವನ್ನು ಇಟ್ಟುಕೊಂಡಿದೆ.

ಇನ್ನೊಂದು ಬಗೆಯ ಮಾತುಗಳಿವೆ. ‘ಸಾಕಾಗಿದೆ’, ‘ಇನ್ನೆಂತಕ್ಕೆ ನಾನು’, ‘ಮೇಲಿನವ ಕರಕೊಳ್ಳಬಾರದಾ’, ‘ಭೂಮಿಗೆ ಭಾರ’, ‘ಕೈಕಾಲು ಗಟ್ಟಿ ಇರುವಾಗಲೇ ಹೋಗಿಬಿಟ್ಟರೆ ಸಾಕು’ ಎಂದು ನಮ್ಮ ಮನೆಗಳಲ್ಲಿ ಹಿರಿಯರು ಆಡುವುದು ವಾಡಿಕೆ. ಜಗಲಿಯ ಮೇಲೆ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತ ನಗುಮೊಗದಿಂದಲೇ ಹೀಗೆ ಹೇಳುವವರು ಎಷ್ಟೋ ಮಂದಿ. ಆದುದರಿಂದ ಈ ಮಾತುಗಳು ಕಿವಿಗೆ ಬಿದ್ದರೂ ಮನಸ್ಸಿಗೆ ತಾಗುವುದಿಲ್ಲ. ಸ್ಮೃತಿಲೋಪವು ತೊಡಗಿದವರು ಇವೇ ಮಾತುಗಳನ್ನು ಆಡಿದಾಗ ಅವು ವಾಡಿಕೆಯ ಮಾತಾಗಿ ಉಳಿದಿರುತ್ತವೆಯೋ ಇಲ್ಲವೋ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿಯ ಮಲೆಸೀಮೆಯನ್ನು ಕಣ್ಣಮುಂದಿಟ್ಟುಕೊಂಡು ಇದನ್ನು ಬರೆದಿದೆ. ಆದರೆ ವಿಷಯವು ಎಲ್ಲ ಕಡೆಗೂ ಸಲ್ಲುವಂಥದು.

೨. ಧೀ, ಧೃತಿ, ಸ್ಮೃತಿ

ಚರಕಸಂಹಿತೆಯ ಶಾರೀರಸ್ಥಾನದ ಮೊದಲನೆಯ ಅಧ್ಯಾಯದಲ್ಲಿ ಪ್ರಜ್ಞಾಪರಾಧವನ್ನು ನಿರೂಪಿಸುವಾಗ ಧೀ, ಧೃತಿ, ಸ್ಮೃತಿ ಎಂಬ ಮೂರನ್ನು ಬೇರೆಬೇರೆಯಾಗಿ ಹೇಳಿದೆ. ತಿಳಿಯುವುದು ಧೀ, ಅಹಿತದ ಕಡೆಗೆ ಹರಿಯುವ ಮನಸ್ಸನ್ನು ತಡೆದು ಹಿಡಿಯುವುದು ಧೃತಿ, ಕಂಡದ್ದನ್ನೂ ಅರಿತದ್ದನ್ನೂ ನೆನಪಿನಲ್ಲಿ ನಿಲ್ಲಿಸುವುದು ಸ್ಮೃತಿ. ಚರಕನ ಪ್ರಕರಣವು ಬೇರೆ. ಅಲ್ಲಿ ಹೇಳಿರುವುದು ಇಂದಿನ ಡಿಮೆನ್ಷಿಯಾವನ್ನೇ ಎಂದು ಸಾಧಿಸಹೊರಡುವುದು ಸಾಹಸವಾದೀತು. ಆದರೂ ಈ ವಿಭಾಗವು ಪ್ರಸ್ತುತ ವಿಷಯವನ್ನು ತಿಳಿಯುವುದಕ್ಕೆ ಬಹಳ ಉಪಕಾರಿಯಾಗಿದೆ. ಏಕೆಂದರೆ ವ್ಯಾಧಿಯಲ್ಲಿ ಈ ಮೂರೂ ಏಕಕಾಲದಲ್ಲಿ ಕೆಡುವುದಿಲ್ಲ.

ಆಲ್ಜೈಮರ್ ರೋಗದಲ್ಲಿ ಸಾಮಾನ್ಯವಾಗಿ ಮೊದಲು ಸಡಿಲವಾಗುವುದು ಸ್ಮೃತಿ, ಅದರಲ್ಲಿಯೂ ಇತ್ತೀಚಿನ ಸಂಗತಿಗಳ ಸ್ಮೃತಿ. ಬೆಳಗ್ಗೆ ಕೂಲಿ ಬಟವಾಡೆ ಮಾಡಿದ್ದು ಮಧ್ಯಾಹ್ನಕ್ಕೆ ನೆನಪಿಲ್ಲ. ಐವತ್ತು ವರ್ಷದ ಹಿಂದೆ ಯಾವ ಹಕ್ಕಲಿನಲ್ಲಿ ಎಷ್ಟು ಗಿಡ ನೆಡಿಸಿದ್ದೆಂಬುದು ಚೆನ್ನಾಗಿ ನೆನಪಿದೆ. ಆ ಕಾಲದಲ್ಲಿ ಧೀಯು ಬಹುಮಟ್ಟಿಗೆ ಉಳಿದಿರುತ್ತದೆ. ತನಗೆ ಏನೋ ಆಗುತ್ತಿದೆ, ನಾಳೆ ಇನ್ನೂ ಹೆಚ್ಚಾಗುತ್ತದೆ, ಮಕ್ಕಳ ಕೈಯಲ್ಲಿ ಮಗುವಿನಂತೆ ಆಗಬೇಕಾದೀತು ಎಂಬುದನ್ನು ರೋಗಿಯು ಸ್ಪಷ್ಟವಾಗಿ ಕಾಣಬಲ್ಲನು. ಕೆಡುತ್ತಿರುವುದನ್ನು ಕಾಣುವ ಕಣ್ಣು ಮಾತ್ರ ಇನ್ನೂ ಕೆಟ್ಟಿಲ್ಲದ ಈ ಅಂತರಾಳವೇ ದುಃಖದ ಕಾಲ.

ಮೆದುಳಿನ ಮುಂಭಾಗವನ್ನು ಹಿಡಿಯುವ ಪ್ರಭೇದದಲ್ಲಿ ಕ್ರಮವು ಬೇರೆ. ಅಲ್ಲಿ ನೆನಪು ಬಹುಕಾಲ ಉಳಿದಿದ್ದು ಧೃತಿಯೇ ಮೊದಲು ಹೋಗುವುದುಂಟು. ಮನಸ್ಸಿಗೆ ಬಂದುದನ್ನು ತಡೆಯುವ ಶಕ್ತಿಯು ಕುಂದಿರುವುದರಿಂದ, ಹಿಂದೆ ಶಾಂತರಾಗಿದ್ದವರು ಹಠಾತ್ತಾಗಿ ಏನನ್ನಾದರೂ ಮಾಡಿಬಿಡುವ ಸಂಭವವಿದೆ. ವ್ಯಾಧಿಯು ಬಲಿತು ಮೂರೂ ಕುಂದಿದ ಮೇಲೆ ಉಪಾಯವನ್ನು ಹೂಡಿ ನಡೆಸುವ ಸಾಮರ್ಥ್ಯವೇ ಕಡಮೆಯಾಗುತ್ತದೆ. ಆದರೆ ದುಃಖವು ಹೋಯಿತೆಂದು ಅರ್ಥವಲ್ಲ. ಅದನ್ನು ಹೇಳುವ ಮಾತು ಹೋಗಿರುತ್ತದೆ, ಅಷ್ಟೆ.

೩. ಅಪಾಯವು ಹೆಚ್ಚಾಗಿರುವ ಕಾಲ

ಮೇಲಿನ ವಿವೇಚನೆಯನ್ನು ಗಣನೆಗಳು ಸಮರ್ಥಿಸುತ್ತವೆ. ಇಂಗ್ಲೆಂಡಿನ ವೈದ್ಯದಾಖಲೆಗಳನ್ನು ಪರಿಶೀಲಿಸಿ ೨೦೨೨ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವು ಸ್ಮೃತಿಲೋಪವುಳ್ಳವರೆಲ್ಲರನ್ನೂ ಒಟ್ಟಾಗಿ ನೋಡಿದಾಗ ಆತ್ಮಹತ್ಯೆಯ ಸಂಭವವು ಇತರರಿಗಿಂತ ವಿಶೇಷವಾಗಿ ಹೆಚ್ಚಿಲ್ಲವೆಂದು ಹೇಳಿತು. ಆದರೆ ಅದೇ ಅಧ್ಯಯನವು ಮೂರು ವರ್ಗದವರಲ್ಲಿ ಅದು ಹೆಚ್ಚೆಂದು ತೋರಿಸಿಕೊಟ್ಟಿತು: ಅರವತ್ತೈದು ವರ್ಷಕ್ಕೆ ಮುಂಚೆಯೇ ರೋಗನಿರ್ಣಯವಾದವರು, ನಿರ್ಣಯವಾಗಿ ಮೂರು ತಿಂಗಳು ಕಳೆಯದವರು, ಜೊತೆಗೆ ಬೇರೆ ಮನೋವ್ಯಾಧಿಯೂ ಉಳ್ಳವರು. ಅರವತ್ತೈದರ ಒಳಗಿನವರಲ್ಲಿ ನಿರ್ಣಯದ ಮೊದಲ ಮೂರು ತಿಂಗಳಲ್ಲಿ ಆ ಸಂಭವವು ರೋಗವಿಲ್ಲದವರಿಗಿಂತ ಆರು ಪಟ್ಟಿಗೂ ಮೀರಿತ್ತು. ೨೦೦೮ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೂ ಕಿರಿಯ ವಯಸ್ಸಿನವರಲ್ಲಿಯೂ ನಿರ್ಣಯದ ಸಮೀಪಕಾಲದಲ್ಲಿಯೂ ಅಪಾಯವು ಅಧಿಕವೆಂದೇ ಹೇಳಿದೆ.

ಇದರಿಂದ ಫಲಿಸುವ ಅರ್ಥವು ಗೃಹಸ್ಥರ ಎಣಿಕೆಗೆ ವಿಪರೀತವಾದುದು. ‘ಈಗ ತಾನೇ ಶುರು, ಇನ್ನೂ ಎಲ್ಲ ಗೊತ್ತಾಗುತ್ತದೆ, ಚಿಂತೆಯಿಲ್ಲ’ ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುವ ಕಾಲವೇ ಹೆಚ್ಚು ಎಚ್ಚರದಿಂದಿರಬೇಕಾದ ಕಾಲ. ಎಲ್ಲವೂ ಗೊತ್ತಾಗುತ್ತದೆಂಬುದೇ ಇಲ್ಲಿ ಕಾರಣ.

೪. ಮಲೆಸೀಮೆಯ ಸನ್ನಿವೇಶ

ಬಯಲುಸೀಮೆಯ ಊರುಗಳಲ್ಲಿ ಮನೆಗೆ ಮನೆ ಹೊಂದಿಕೊಂಡಿರುತ್ತದೆ. ಒಬ್ಬ ವೃದ್ಧನು ಎರಡು ದಿನ ಕಟ್ಟೆಗೆ ಬಾರದಿದ್ದರೆ ಹತ್ತು ಮಂದಿ ಕೇಳುತ್ತಾರೆ. ಮೂಡಿಗೆರೆಯ ಕಡೆಯಲ್ಲಿಯೂ, ಹಿಂದೆ ಅದೇ ತಾಲೂಕಿಗೆ ಸೇರಿದ್ದು ಈಗ ತಾನೇ ತಾಲೂಕಾಗಿರುವ ಭದ್ರಾತೀರದ ಕಳಸದ ಕಡೆಯಲ್ಲಿಯೂ ಹಾಗಲ್ಲ. ತೋಟದ ನಡುವೆ ಒಂಟಿ ಮನೆ. ಆಚೆಯ ಮನೆಗೆ ಗುಡ್ಡವಿಳಿದು ಹಳ್ಳ ದಾಟಿ ಹೋಗಬೇಕು. ಆಷಾಢ ಶ್ರಾವಣಗಳ ಮಳೆಯಲ್ಲಿ ಮರ ಬಿದ್ದು ದಾರಿ ಕಟ್ಟುವುದು, ವಿದ್ಯುತ್ತು ಹೋಗುವುದು, ದೂರವಾಣಿ ಸುಮ್ಮನಾಗುವುದು ಎಲ್ಲರಿಗೂ ಅನುಭವಸಿದ್ಧ. ಮೂಡಿಗೆರೆಯ ಸೀಮೆಯಲ್ಲಿ ಕಾಡಾನೆಗಳ ಭಯದಿಂದ ಸಂಜೆಯಾದ ಮೇಲೆ ಜನರು ಹೊರಗೆ ಹೊರಡುವುದೂ ಕಡಮೆ. ಮಕ್ಕಳು ಬೆಂಗಳೂರಿನಲ್ಲಿಯೋ ಹೊರದೇಶದಲ್ಲಿಯೋ ಇದ್ದು, ದೊಡ್ಡ ಮನೆಯಲ್ಲಿ ಇಬ್ಬರೇ ವೃದ್ಧರಿರುವುದು ಈಗ ಸಾಮಾನ್ಯವಾಗಿದೆ.

ಮಲೆಸೀಮೆಯಲ್ಲಿ ಮನುಷ್ಯನ ಬೆಲೆಯು ಕೆಲಸದೊಡನೆ ಹೆಣೆದುಕೊಂಡಿದೆಯೆಂಬುದನ್ನೂ ಗಮನಿಸಬೇಕು. ತೋಟದ ಯಜಮಾನನಿಗೆ ದಿನಕ್ಕೊಮ್ಮೆ ತೋಟ ಸುತ್ತುವುದು, ಲೆಕ್ಕದ ಪುಸ್ತಕ, ಬೀಗದ ಕೈ, ಬಟವಾಡೆ, ಇವೇ ಯಜಮಾನಿಕೆ. ಅಂಕಿಗಳು ತಪ್ಪತೊಡಗಿದ ಕೂಡಲೇ ಮಕ್ಕಳು ಪುಸ್ತಕವನ್ನೂ ಬೀಗದ ಕೈಯನ್ನೂ ಒಂದೇ ದಿನ ಕಿತ್ತುಕೊಂಡರೆ, ಆತನಿಗೆ ಉಳಿಯುವುದು ಕುರ್ಚಿಯೊಂದೇ. ಅಡಿಗೆಯಲ್ಲಿ ಉಪ್ಪು ಎರಡು ಸಲ ಬಿದ್ದಿತೆಂದು ಒಲೆಯ ಬಳಿಯಿಂದ ಎಬ್ಬಿಸಲ್ಪಟ್ಟ ಗೃಹಿಣಿಯ ಸ್ಥಿತಿಯೂ ಇದೇ. ಲೈನಿನ ಮನೆಯಲ್ಲಿರುವ ಹಳೆಯ ಆಳಿಗೆ ಇದಕ್ಕಿಂತಲೂ ಸೂಕ್ಷ್ಮವಾದ ಭಯವಿದೆ: ದುಡಿಯುವ ಕೈಯಿದ್ದಷ್ಟು ದಿನ ಮನೆ; ಆ ಮೇಲೆ ಮಗನ ಅಥವಾ ಮಗಳ ದಿನಗೂಲಿಯ ಮೇಲೆ ತಾನೊಂದು ಹೊರೆ. ‘ಹೊರೆಯಾದೆ’ ಎಂಬ ಭಾವವು ಆತ್ಮಹತ್ಯೆಯ ಯೋಚನೆಗೆ ಬಹು ಹತ್ತಿರದ ನೆಂಟನೆಂದು ಮನೋವೈದ್ಯರ ಅಭಿಪ್ರಾಯ.

ಭಾಷಾಜಿಜ್ಞಾಸುಗಳು ವಿಶೇಷವಾಗಿ ಗಮನಿಸತಕ್ಕ ಸಂಗತಿ ಮತ್ತೊಂದಿದೆ. ಈ ತೋಟಗಳಲ್ಲಿ ಕನ್ನಡದೊಡನೆ ತುಳು, ತಮಿಳು ಮುಂತಾದ ಮಾತುಗಳೂ ಬಹುಕಾಲದಿಂದ ಇವೆ. ಎರಡು ಭಾಷೆಗಳನ್ನು ಬಲ್ಲವರಿಗೆ ಸ್ಮೃತಿಲೋಪ ಬಂದಾಗ, ಆ ಮೇಲೆ ಕಲಿತ ಭಾಷೆಯು ಮೊದಲು ಜಾರಿ, ತಾಯ್ನುಡಿಯು ಕೊನೆಯವರೆಗೆ ನಿಲ್ಲುವುದುಂಟು. ಘಟ್ಟದ ಕೆಳಗಿನಿಂದ ಐವತ್ತು ವರ್ಷಗಳ ಹಿಂದೆ ಬಂದ ಮುದುಕಿಯೊಬ್ಬಳು ತನ್ನ ಸಂಕಟವನ್ನು ಈಗ ತುಳುವಿನಲ್ಲಿ ಮಾತ್ರ ಹೇಳಿಕೊಳ್ಳಬಲ್ಲಳು. ಕನ್ನಡದಲ್ಲಿ ಬೆಳೆದ ಮೊಮ್ಮಕ್ಕಳಿಗೆ ಅದು ಅರ್ಥವಾಗದ ಗೊಣಗಾಟ. ನೋಡಿಕೊಳ್ಳಲು ಬಂದ ಆಳು ದೂರದ ಪ್ರಾಂತದವನಾದರೆ ಕನ್ನಡವೂ ಅವನಿಗೆ ತಿಳಿಯದು. ಹೇಳಿದ ಮಾತು ಹೀಗೆ ಕೇಳುವವರಿಲ್ಲದೆ ಹೋಗುತ್ತದೆ.

೫. ಲಕ್ಷಣಗಳು

ಲಕ್ಷಣಗಳನ್ನು ಮಾತಿನವು, ನಡೆಯವು, ದೇಹದವು ಎಂದು ಮೂರು ವಿಧವಾಗಿ ವಿಂಗಡಿಸಬಹುದು.

ಮಾತಿನ ಲಕ್ಷಣಗಳಲ್ಲಿ ನೋಡತಕ್ಕದ್ದು ಬದಲಾವಣೆಯನ್ನು. ನಗುತ್ತ ಆಡುತ್ತಿದ್ದ ಮಾತನ್ನು ನಗದೆ ಆಡುವುದು. ವರ್ಷಕ್ಕೊಮ್ಮೆ ಬರುತ್ತಿದ್ದುದು ದಿನವೂ ಬರುವುದು. ‘ದೇವರು ಕರೆಯಲಿ’ ಎಂಬುದು ಹೋಗಿ ‘ನಾನೇ ಹೋಗುತ್ತೇನೆ’ ಎಂದಾಗುವುದು. ‘ನಾನಿಲ್ಲದಿದ್ದರೆ ನೀವು ಸುಖವಾಗಿರುತ್ತೀರಿ’ ಎಂಬ ಹೋಲಿಕೆಯ ಮಾತು. ಮುಂದಿನ ಹಬ್ಬ, ಮುಂದಿನ ಕೊಯ್ಲು ಎಂಬ ಭವಿಷ್ಯದ ಮಾತೇ ನಿಂತುಹೋಗುವುದು. ಇಲ್ಲಿ ಕ್ರಿಯಾಪದದ ಕರ್ತೃವು ಬದಲಾಗುವುದನ್ನು ಸಾಹಿತ್ಯದ ಅಧ್ಯಾಪಕರು ಇತರರಿಗಿಂತ ಬೇಗನೆ ಗುರುತಿಸಬಲ್ಲರು. ದೇವರು ಕರ್ತೃವಾಗಿದ್ದ ವಾಕ್ಯದಲ್ಲಿ ‘ನಾನು’ ಕರ್ತೃವಾಗಿ ನಿಂತರೆ ಅದು ಅಲಕ್ಷ್ಯಕ್ಕೆ ಯೋಗ್ಯವಲ್ಲ.

ನಡೆಯ ಲಕ್ಷಣಗಳು: ಪೂಜೆ, ಪತ್ರಿಕೆ, ಸಂತೆ, ಇಸ್ಪೀಟು ಮುಂತಾಗಿ ಪ್ರೀತಿಯಿಂದ ಮಾಡುತ್ತಿದ್ದುದನ್ನು ಕಾರಣವಿಲ್ಲದೆ ಬಿಡುವುದು; ಪ್ರೀತಿಯ ವಸ್ತುಗಳನ್ನು ಹಂಚಿಬಿಡುವುದು; ಜಮೀನಿನ ಕಾಗದಪತ್ರಗಳನ್ನು ಅವಸರದಿಂದ ಇತ್ಯರ್ಥ ಮಾಡಹೊರಡುವುದು; ಯಾವಾಗಲೂ ಕೇಳದಿದ್ದ ಬೀಗದ ಕೈಯನ್ನು ಕೇಳುವುದು; ಸಂಜೆಯ ಹೊತ್ತಿಗೆ ಕಳವಳವು ಹೆಚ್ಚಾಗಿ ಅತ್ತಿತ್ತ ಸುಳಿಯುವುದು; ಹೇಳದೆ ಮನೆಯಿಂದ ಹೊರಟುಹೋಗುವುದು. ೨೦೧೬ರಲ್ಲಿ ತೆರೆಗೆ ಬಂದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಎಂಬ ಕನ್ನಡ ಚಿತ್ರದಲ್ಲಿ ಅನಂತನಾಗ್ ಅಭಿನಯಿಸಿದ ತಂದೆಯ ಪಾತ್ರದಿಂದ, ಆಲ್ಜೈಮರ್ ರೋಗಿಯು ತಪ್ಪಿಸಿಕೊಂಡು ಹೋಗುವುದೆಂದರೇನೆಂಬುದು ನಾಡಿನ ಮನೆಮನೆಗೂ ತಿಳಿಯಿತು. ಹೀಗೆ ಹೊರಡುವುದು ಬಹುಪಾಲು ದಾರಿತಪ್ಪುವುದೇ ಆಗಿರುತ್ತದೆ. ಆದರೆ ಅದರ ಹಿಂದುಮುಂದಿನ ದಿನಗಳಲ್ಲಿ ಆಡಿದ ಮಾತುಗಳನ್ನೂ ಸೇರಿಸಿ ನೋಡತಕ್ಕದ್ದು. ಬಹುದಿನದ ದುಃಖದ ಮೇಲೆ ಕಾರಣವಿಲ್ಲದೆ ಒಮ್ಮೆಲೇ ಬರುವ ಪ್ರಶಾಂತತೆಯನ್ನೂ ಗುಣವಾಯಿತೆಂದು ಎಣಿಸಕೂಡದು.

ದೇಹದ ಲಕ್ಷಣಗಳು: ಅರ್ಧರಾತ್ರಿಯ ಮೇಲೆ ನಿದ್ರೆ ಬಾರದಿರುವುದು, ಅನ್ನ ಸೇರದಿರುವುದು, ಮೈ ಇಳಿಯುವುದು, ಔಷಧವನ್ನು ನಿರಾಕರಿಸುವುದು, ಮುಖದಲ್ಲಿ ಭಾವವೇ ಇಲ್ಲದಿರುವುದು. ಮಾತು ಹೋದ ರೋಗಿಯಲ್ಲಿ ಇವೇ ಮಾತು. ಅಮೆರಿಕಾದ ಕಾರ್ನೆಲ್ ವಿದ್ಯಾಲಯದ ವೈದ್ಯರು ೧೯೮೮ರಲ್ಲಿ ಸ್ಮೃತಿಲೋಪವುಳ್ಳವರ ವಿಷಾದವನ್ನು ಅಳೆಯಲು ಒಂದು ಮಾನವನ್ನು ರಚಿಸಿದರು. ರೋಗಿಯನ್ನು ಕೇಳುವುದರ ಜೊತೆಗೆ ನೋಡಿಕೊಳ್ಳುವವರನ್ನೂ ಕೇಳಿ ಬರೆದುಕೊಳ್ಳುವುದು ಅದರ ವಿಶೇಷ. ಮನೆಯವರು ಕಂಡದ್ದು ವೈದ್ಯನಿಗೆ ಪ್ರಮಾಣವೆಂದು ಇದರಿಂದ ತಿಳಿಯುತ್ತದೆ.

೬. ಒಂದು ಪೂರ್ವಪಕ್ಷ

ಇಲ್ಲಿ ವಿದ್ವಾಂಸರಲ್ಲಿಯೇ ಒಂದು ಶಂಕೆ ಏಳುವುದುಂಟು. ವೃದ್ಧನು ಅನ್ನವನ್ನು ಬಿಟ್ಟರೆ ಅದು ಪ್ರಾಯೋಪವೇಶವಲ್ಲವೆ? ಶ್ರವಣಬೆಳಗೊಳದ ನಿಸಿದಿ ಶಾಸನಗಳಲ್ಲಿ ಹೇಳಿರುವ ಸಲ್ಲೇಖನವನ್ನು ನಮ್ಮ ನಾಡು ಗೌರವಿಸಿಲ್ಲವೆ? ಹಾಗಿರುವಲ್ಲಿ ತಡೆಯುವುದು ಯುಕ್ತವೆ?

ಸಮಾಧಾನವೇನೆಂದರೆ: ಆ ವ್ರತಗಳ ಯುಕ್ತಾಯುಕ್ತತೆಯನ್ನು ಇಲ್ಲಿ ವಿಚಾರಿಸಬೇಕಾಗಿಯೇ ಇಲ್ಲ. ವ್ರತವೆಂದರೆ ಸಂಕಲ್ಪಪೂರ್ವಕವಾದುದು; ಅದನ್ನು ಕೈಕೊಳ್ಳುವವನಿಗೆ ತಿಳಿವಿರಬೇಕು, ಗುರುವಿನ ಅನುಮತಿಯಿರಬೇಕು, ದುಃಖದಿಂದಲೋ ಭಯದಿಂದಲೋ ಮಾಡಿದುದಾಗಿರಕೂಡದು ಎಂಬುದು ಆ ಆ ಶಾಸ್ತ್ರಗಳದೇ ನಿಯಮ. ಸ್ಮೃತಿಯು ಜಾರಿ ವಿಷಾದವು ಕವಿದ ಮನಸ್ಸಿನಲ್ಲಿ ಇವು ಯಾವುವೂ ಇಲ್ಲ. ಅಲ್ಲಿ ಅನ್ನವನ್ನು ಬಿಡುವುದಕ್ಕೆ ಕಾರಣಗಳು ಬೇರೆ: ವಿಷಾದವ್ಯಾಧಿ, ಬಾಯಿಹುಣ್ಣು, ಹಲ್ಲುನೋವು, ಮಲಬದ್ಧತೆ, ನುಂಗುವ ಶಕ್ತಿ ಕುಂದಿರುವುದು, ಅನ್ನದಲ್ಲಿ ಏನನ್ನೋ ಬೆರೆಸಿದ್ದಾರೆಂಬ ಭ್ರಮೆ. ಇವುಗಳಲ್ಲಿ ಹಲವಕ್ಕೆ ಚಿಕಿತ್ಸೆಯಿದೆ. ರೋಗಲಕ್ಷಣಕ್ಕೆ ವ್ರತದ ಹೆಸರಿಟ್ಟು ಸುಮ್ಮನಾಗುವುದು ಶಾಸ್ತ್ರಕ್ಕೂ ವಿರುದ್ಧ, ದಯೆಗೂ ವಿರುದ್ಧ.

೭. ಮನೆಯವರ ಕರ್ತವ್ಯಗಳು

ಮೊದಲನೆಯದು, ಕೇಳುವುದು. ದೃಷ್ಟಾಂತಕ್ಕಾಗಿ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ತಂದೆಯು, “ನಿಂಗೆಂತ ಗೊತ್ತಾಗ್ತದೆ ಮಾರಾಯ, ಎಲ್ಲ ಸಾಕಾಗಿದೆ” ಎನ್ನುತ್ತಾನೆ. ಮಗನು, “ಹಂಗೆಲ್ಲ ಮಾತಾಡ್ಬೇಡಿ ಅಪ್ಪಯ್ಯ, ನಿಮಗೆಂತ ಆಗಿದೆ, ಗುಂಡುಕಲ್ಲಿನ ಹಾಗಿದ್ದೀರಿ” ಎಂದರೆ ಬಾಗಿಲು ಮುಚ್ಚಿದಂತಾಯಿತು. ಅದರ ಬದಲು ಹತ್ತಿರ ಕುಳಿತು, “ಸಾಕಾಗಿದೆ ಅಂದ್ರೆ, ಬದುಕೇ ಬೇಡ ಅನ್ನಿಸ್ತದಾ ಅಪ್ಪಯ್ಯ?” ಎಂದು ಕೇಳಿದರೆ, “ಒಂದೊಂದ್ಸಲ ಅನ್ನಿಸ್ತದೆ, ರಾತ್ರಿ ಹೊತ್ತು” ಎಂಬ ಉತ್ತರ ಬಂದೀತು. ಆಗ, “ಏನಾದ್ರೂ ಮಾಡ್ಕೊಳ್ಬೇಕು ಅಂತ ಮನಸ್ಸಿಗೆ ಬಂದದ್ದುಂಟಾ?” ಎಂದು ಕೇಳಿಯೇ ಕೇಳಬೇಕು. ಹೀಗೆ ಕೇಳುವುದರಿಂದ ಇಲ್ಲದ ಯೋಚನೆಯನ್ನು ಹುಟ್ಟಿಸಿದಂತಾಗುತ್ತದೆಂಬ ಭಯವು ನಿರಾಧಾರವೆಂದು ಅಧ್ಯಯನಗಳು ತೋರಿಸಿವೆ. ಕೇಳಿಸಿಕೊಂಡವರ ಎದೆ ಹಗುರಾಗುವುದೇ ಹೆಚ್ಚು. ಪ್ರಶ್ನೆಗಳು ಚಿಕ್ಕವಾಗಿರಬೇಕು, ಒಂದಾದ ಮೇಲೆ ಒಂದನ್ನು ಕೇಳಬೇಕು, ಉತ್ತರಕ್ಕೆ ಕಾಯಬೇಕು, ಉಪದೇಶವನ್ನೂ ವಾದವನ್ನೂ ಮಾಡಕೂಡದು. ರೋಗಿಯ ತಾಯ್ನುಡಿ ಬೇರೆಯಾಗಿದ್ದರೆ ಅದನ್ನು ಬಲ್ಲವರಿಂದ ಕೇಳಿಸತಕ್ಕದ್ದು.

ಎರಡನೆಯದು, ಕೇಳಿದ್ದನ್ನು ಬರೆದಿಡುವುದು. ರೋಗಿಯು ಬೆಳಗ್ಗೆ ಹೇಳಿದ್ದನ್ನು ಸಂಜೆ ವೈದ್ಯನ ಮುಂದೆ ‘ಹಾಗೇನಿಲ್ಲ’ ಎನ್ನಬಹುದು. ಅದು ಮರೆವೇ ಹೊರತು ಸುಳ್ಳಲ್ಲ. ಮಾತು ಮರೆತರೂ ಅದರ ಹಿಂದಿನ ನೋವು ಉಳಿದಿರುವುದುಂಟು.

ಮೂರನೆಯದು, ಈ ರೋಗಕ್ಕೇ ವಿಶಿಷ್ಟವಾದುದು. ‘ಇನ್ನು ಹಾಗೆ ಮಾಡುವುದಿಲ್ಲ, ಮನಸ್ಸು ಕೆಟ್ಟರೆ ನಿಮಗೆ ಹೇಳುತ್ತೇನೆ’ ಎಂದು ರೋಗಿಯಿಂದ ಮಾತು ತೆಗೆದುಕೊಂಡು ನಿಶ್ಚಿಂತರಾಗುವುದು ಎಲ್ಲರ ವಿಷಯದಲ್ಲಿಯೂ ಸಾಲದು. ಇವರ ವಿಷಯದಲ್ಲಂತೂ ಸರ್ವಥಾ ಸಾಲದು. ಕೊಟ್ಟ ಮಾತನ್ನು ನಡೆಸಬೇಕಾದರೆ ಕೊಟ್ಟೆನೆಂಬ ನೆನಪು ಬೇಕಷ್ಟೆ? ಆದುದರಿಂದ ರಕ್ಷಣೆಯ ಏರ್ಪಾಡೆಲ್ಲವನ್ನೂ ಮನೆಯವರು ತಮ್ಮ ನೆನಪಿನಲ್ಲಿಯೂ ಕೈಯಲ್ಲಿಯೂ ಇಟ್ಟುಕೊಳ್ಳಬೇಕು. ಯಾರು ಯಾವ ಹೊತ್ತು ಜೊತೆಗಿರುವರು, ರಾತ್ರಿ ಯಾರು ಬಳಿಯಲ್ಲಿ ಮಲಗುವರು, ಯಾರಿಗೆ ಮೊದಲು ಕರೆಮಾಡುವುದು ಎಂಬುದನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿಡುವುದು ಉತ್ತಮ. ಒಂಟಿ ಮನೆಗಳಲ್ಲಿ ತೋಟದ ರೈಟರನ್ನೂ ಮೇಸ್ತ್ರಿಯನ್ನೂ ಲೈನಿನ ನೆರೆಯವರನ್ನೂ ಈ ಏರ್ಪಾಡಿನಲ್ಲಿ ಸೇರಿಸಿಕೊಳ್ಳಬೇಕು, ಸಂಕೋಚಪಡುವುದಕ್ಕೆ ಕಾರಣವಿಲ್ಲ.

ನಾಲ್ಕನೆಯದು, ಸಾಧನಗಳನ್ನು ದೂರವಿಡುವುದು. ಇಂತಹ ಯೋಚನೆಯ ತೀವ್ರತೆಯು ಬಹುಪಾಲು ಅಲ್ಪಕಾಲದ್ದು. ಆ ಹೊತ್ತಿನಲ್ಲಿ ಕೈಗೆ ಏನೂ ಸಿಕ್ಕದಿದ್ದರೆ ಜೀವವು ಉಳಿಯುತ್ತದೆ. ಶ್ರೀಲಂಕೆಯಲ್ಲಿ ೧೯೯೫ರ ತರುವಾಯ ಅತಿವಿಷದ ಕೀಟನಾಶಕಗಳ ಮಾರಾಟವನ್ನು ಕ್ರಮಕ್ರಮವಾಗಿ ನಿಲ್ಲಿಸಿದ ಮೇಲೆ ದೇಶದ ಆತ್ಮಹತ್ಯೆಯ ಪ್ರಮಾಣವು ಮೊದಲಿದ್ದುದರ ಅರ್ಧಕ್ಕಿಂತಲೂ ಕೆಳಗಿಳಿಯಿತು. ತೋಟದ ಮನೆಗಳಲ್ಲಿ ಗಿಡಗಳಿಗೆ ಹೊಡೆಯುವ ಔಷಧಿಗಳು ವಾಸದ ಮನೆಯಲ್ಲಿ ಇರಲೇಕೂಡದು. ದೂರದ ಕೋಣೆಯಲ್ಲಿ ಬೀಗದೊಳಗೆ ಇರಬೇಕು. ಬೀಗದ ಕೈಯನ್ನು ಹಳೆಯ ಮೊಳೆಯ ಮೇಲೆಯೇ ತೂಗುಹಾಕುವುದು ವ್ಯರ್ಥ. ಹೊಸದು ಮರೆತರೂ ಹಳೆಯ ಅಭ್ಯಾಸವು ಕೈಗೆ ನೆನಪಿರುತ್ತದೆ. ನುಂಗುವ ಮಾತ್ರೆಗಳನ್ನು ದಿನದ ಪ್ರಮಾಣಕ್ಕೆ ಮಾತ್ರ ಕೊಡತಕ್ಕದ್ದು. ಬೆಳೆರಕ್ಷಣೆಗಾಗಿ ಪರವಾನಗಿ ಪಡೆದ ಕೋವಿಯು ಮನೆಯಲ್ಲಿದ್ದರೆ, ಚುನಾವಣೆಯ ಕಾಲದಲ್ಲಿ ಠಾಣೆಗೆ ಒಪ್ಪಿಸುವ ವಾಡಿಕೆಯಿದೆಯಷ್ಟೆ. ಹಾಗೆಯೇ ಈಗಲೂ ಅದನ್ನು ಮನೆಯಿಂದ ಹೊರಗಿಡುವ ಕ್ರಮವನ್ನು ಠಾಣೆಯಲ್ಲಿ ವಿಚಾರಿಸಬೇಕು.

ಐದನೆಯದು, ವೈದ್ಯನಲ್ಲಿಗೆ ಕರೆದೊಯ್ಯುವುದು. ಸ್ಮೃತಿಲೋಪದೊಡನೆ ಬರುವ ವಿಷಾದಕ್ಕೆ ಚಿಕಿತ್ಸೆಯಿದೆ. ನೋವು, ಕಿವುಡು, ಕಣ್ಣಿನ ಪೊರೆ ಇವುಗಳ ಪರಿಹಾರವೂ ವಿಷಾದವನ್ನು ತಗ್ಗಿಸುತ್ತದೆ. ಥೈರಾಯ್ಡ್ ಗ್ರಂಥಿಯ ದೋಷ, ಬಿ೧೨ ಜೀವಸತ್ತ್ವದ ಕೊರತೆ, ಬಿದ್ದು ತಲೆಯೊಳಗೆ ರಕ್ತ ಕಟ್ಟಿರುವುದು ಮುಂತಾದ ಕಾರಣಗಳಿಂದಲೂ ಮರೆವು ಬರುವುದುಂಟು, ಅವನ್ನು ಸರಿಪಡಿಸಬಹುದು. ಒಂದೆರಡು ದಿನಗಳಲ್ಲಿ ಹಠಾತ್ತಾಗಿ ಮತಿಗೆಟ್ಟರೆ ಅದು ಜ್ವರ ಅಥವಾ ಮೂತ್ರದ ಸೋಂಕಿನಿಂದ ಬಂದ ಸನ್ನಿಯಾಗಿರಬಹುದು; ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಜಿಲ್ಲಾಮಟ್ಟದಲ್ಲಿ ಮನೋವೈದ್ಯವನ್ನು ಒದಗಿಸುವ ಪ್ರಯೋಗವು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಿಂದ ೧೯೮೦ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿಯೇ ನಡೆದು, ೧೯೯೬ರಲ್ಲಿ ಆರಂಭವಾದ ರಾಷ್ಟ್ರದ ಯೋಜನೆಗೆ ಮಾದರಿಯಾಯಿತು. ಮನೋಚೈತನ್ಯವೆಂಬ ಹೆಸರಿನಲ್ಲಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ನೋಡುವ ಏರ್ಪಾಡನ್ನು ಕರ್ನಾಟಕ ಸರ್ಕಾರವು ೨೦೧೪ರಲ್ಲಿ ತೊಡಗಿತು. ದಿನವನ್ನು ಹತ್ತಿರದ ಆಸ್ಪತ್ರೆಯಲ್ಲಿ ಕೇಳಿ ತಿಳಿಯತಕ್ಕದ್ದು. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ-ಮಾನಸ್ ದೂರವಾಣಿ ಸೇವೆಯ ಸಂಖ್ಯೆ ೧೪೪೧೬. ಹಗಲೂ ರಾತ್ರಿಯೂ ಉಚಿತವಾಗಿ ಕನ್ನಡದಲ್ಲಿ ಮಾತನಾಡಬಹುದು. ವೃದ್ಧರ ಸಹಾಯವಾಣಿಯ ಸಂಖ್ಯೆ ೧೪೫೬೭. ಪ್ರಾಣಾಪಾಯವು ಕಣ್ಣೆದುರಿಗೇ ಇದ್ದರೆ ೧೦೮ಕ್ಕೆ ಕರೆಮಾಡಬೇಕು. ರೋಗಿಯನ್ನು ಕ್ಷಣವೂ ಒಂಟಿಯಾಗಿ ಬಿಡಕೂಡದು.

ಆರನೆಯದು, ರೋಗದ ಹೆಸರನ್ನು ತಿಳಿಸುವ ಕ್ರಮ. ಮುಚ್ಚಿಡುವುದು ಸರಿಯಲ್ಲ, ಕೈಗೊಂದು ಚೀಟಿಯನ್ನಿತ್ತು ಕಳುಹಿಸುವುದೂ ಸರಿಯಲ್ಲ. ಮನೆಯವರು ಜೊತೆಗಿದ್ದು, ಏನು ಹೋಗುತ್ತದೆಂಬುದರೊಡನೆ ಏನು ಬಹುಕಾಲ ಉಳಿಯುತ್ತದೆಂಬುದನ್ನೂ ಹೇಳಬೇಕು. ಮೊದಲ ಮೂರು ತಿಂಗಳು ದೂರದ ಮಕ್ಕಳು ಸರದಿಯಿಂದ ಬಂದಿರುವಂತೆ ಏರ್ಪಡಿಸಿಕೊಂಡರೆ ಬಹಳ ಲೇಸು. ಯಜಮಾನಿಕೆಯನ್ನು ಮೆಟ್ಟಲು ಮೆಟ್ಟಲಾಗಿ ಇಳಿಸಬೇಕು: ಲೆಕ್ಕವನ್ನು ಮಗನು ಮಾಡಲಿ, ಪುಸ್ತಕವು ತಂದೆಯ ಮುಂದೆಯೇ ತೆರೆದಿರಲಿ, ತೋಟ ಸುತ್ತುವುದು ನಿಲ್ಲದಿರಲಿ, ಜೊತೆಗೊಬ್ಬರು ಹೋಗಲಿ, ಒಲೆಯ ಕೆಲಸ ಬೇರೆಯವರದಾದರೆ ಸೊಪ್ಪು ಬಿಡಿಸುವ ಕೆಲಸ ಅಮ್ಮನದೇ ಆಗಿರಲಿ.

ಏಳನೆಯದು, ನೋಡಿಕೊಳ್ಳುವವರನ್ನು ನೋಡಿಕೊಳ್ಳುವುದು. ರಾತ್ರಿಯೆಲ್ಲ ಎದ್ದಿರುವ ಹೆಂಡತಿಗೋ ಸೊಸೆಗೋ ತಿಂಗಳುಗಟ್ಟಲೆ ವಿಶ್ರಾಂತಿಯಿಲ್ಲದಿದ್ದರೆ ಆಕೆಯೂ ವಿಷಾದಕ್ಕೆ ಒಳಗಾಗುವಳು. ‘ಸಾಕಾಗಿದೆ’ ಎಂದು ಆಕೆ ಆಡುವ ಮಾತನ್ನೂ ಅಷ್ಟೇ ಗಮನವಿಟ್ಟು ಕೇಳಬೇಕು.

ಪ್ರಯತ್ನವೊಂದು ನಡೆದು ಜೀವವು ಉಳಿದರೆ, ಪೋಲೀಸರ ಭಯದಿಂದ ಅದನ್ನು ಮರೆಮಾಚಬೇಕಾಗಿಲ್ಲ. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯ ೧೧೫ನೆಯ ಕಲಮು ಅಂಥವರನ್ನು ತೀವ್ರ ಮಾನಸಿಕ ಒತ್ತಡದಲ್ಲಿದ್ದವರೆಂದು ಭಾವಿಸಿ, ಶಿಕ್ಷೆಯ ಬದಲು ಆರೈಕೆಯನ್ನು ವಿಧಿಸುತ್ತದೆ.

೮. ಭಾಷಾವಿದರ ಪಾಲು

ವೈದ್ಯರ ಕೆಲಸವನ್ನು ವೈದ್ಯರು ಮಾಡುತ್ತಾರೆ. ಭಾಷೆಯನ್ನು ವೃತ್ತಿಯಾಗಿ ಉಳ್ಳವರಿಗೂ ಇಲ್ಲಿ ಎರಡು ಕೆಲಸಗಳಿವೆ.

ನಮ್ಮ ವೃತ್ತಪತ್ರಿಕೆಗಳಲ್ಲಿ ‘ಆತ್ಮಹತ್ಯೆಗೆ ಶರಣು’ ಎಂಬ ಪ್ರಯೋಗವು ನೆಲೆಯೂರಿದೆ. ‘ಶರಣು’ ಎಂಬುದು ಕನ್ನಡದಲ್ಲಿ ರಕ್ಷಣೆಯನ್ನೂ ಭಕ್ತಿಯನ್ನೂ ಹೇಳುವ ಶಬ್ದ. ವಚನಕಾರರ ಕಾಲದಿಂದ ಅದಕ್ಕೆ ಬಂದಿರುವ ಗೌರವವನ್ನು ವಿವರಿಸಬೇಕಾಗಿಲ್ಲ. ಮರಣವು ಒಂದು ಆಶ್ರಯವೆಂಬ ಧ್ವನಿಯು ಈ ಪ್ರಯೋಗದಿಂದ ಹೊರಡುತ್ತದೆ. ತರಗತಿಗಳಲ್ಲಿಯೂ ಬರೆಹಗಳಲ್ಲಿಯೂ ಇದನ್ನು ಬಿಟ್ಟು, ‘ಆತ್ಮಹತ್ಯೆಯಿಂದ ತೀರಿಕೊಂಡರು’ ಎಂದು ಸರಳವಾಗಿ ಹೇಳುವ ಅಭ್ಯಾಸವನ್ನು ಬೆಳೆಸಬಹುದು. ‘ಅರಳುಮರಳು’ ಎಂಬ ಶಬ್ದವನ್ನೂ ರೋಗಿಯ ಎದುರಿಗೆ ಪರಿಹಾಸಕ್ಕೆ ಬಳಸುವುದನ್ನು ಬಿಡುವುದು ಯುಕ್ತ. ಆತನಿಗೆ ಅದು ಕೇಳಿಸುತ್ತದೆ, ಅರ್ಥವೂ ಆಗುತ್ತದೆ.

ಎರಡನೆಯದು ಸಂಗ್ರಹದ ಕೆಲಸ. ಬದುಕಿನ ಬೇಸರವನ್ನು ಹೇಳಲು ಚಿಕ್ಕಮಗಳೂರಿನ ಬಯಲಂಚಿನಿಂದ ಕಳಸದ ಘಟ್ಟದಂಚಿನವರೆಗೆ ಹಿರಿಯರು ಯಾವ ಯಾವ ಮಾತುಗಳನ್ನು ಬಳಸುತ್ತಾರೆ, ಅವುಗಳಲ್ಲಿ ಯಾವುದು ವಾಡಿಕೆಯದು, ಯಾವುದು ಅಪರೂಪದ್ದು, ತುಳುವಿನಲ್ಲಿಯೂ ತಮಿಳಿನಲ್ಲಿಯೂ ಅದಕ್ಕೆ ಸಮಾನವಾದುದೇನು ಎಂಬುದನ್ನು ಗ್ರಾಮಗ್ರಾಮಗಳಲ್ಲಿ ಕೇಳಿ ಬರೆದುಕೊಳ್ಳಬಹುದು. ಗಾದೆಗಳನ್ನೂ ಒಗಟುಗಳನ್ನೂ ಸಂಗ್ರಹಿಸಿದ ಅಧ್ಯಾಪಕರಿಗೆ ಇದು ಹೊಸ ವಿದ್ಯೆಯಲ್ಲ. ಅಂತಹ ಒಂದು ಚಿಕ್ಕ ಪದಕೋಶವು ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯ ಕೈಯಲ್ಲಿದ್ದರೆ, ಲೈನಿನ ಮೂಲೆಯಲ್ಲಿ ಮುದುಕಿಯೊಬ್ಬಳು ತನ್ನ ನುಡಿಯಲ್ಲಿ ಗೊಣಗಿದ್ದು ಆಸ್ಪತ್ರೆಯವರೆಗೆ ಮುಟ್ಟಬಹುದು. ಮಲೆಸೀಮೆಯ ಕಾಲೇಜುಗಳ ಅಧ್ಯಾಪಕರು ಮುಂದಿನ ಬೇಸಗೆಯ ರಜೆಯಲ್ಲಿಯೇ ವಿದ್ಯಾರ್ಥಿಗಳೊಡನೆ ಈ ಸಂಗ್ರಹವನ್ನು ತೊಡಗಬೇಕೆಂದೂ, ಹಾಗೆ ಸಂಗ್ರಹಿಸಿದುದನ್ನು ಈ ಪತ್ರಿಕೆಗೆ ಕಳುಹಿಸಿಕೊಡಬೇಕೆಂದೂ ವಿಜ್ಞಾಪಿಸಿಕೊಳ್ಳುತ್ತೇನೆ.